ಮುರಿದ ಸ್ಟಡ್, ಟೈಮ್‌ಸರ್ಟ್ ಕಿಟ್, ಹಳೇ ಪೋರ್ಷೆ: ಐದು ವರ್ಷದ ಮೇಲೆ

5ಕ್ಕೆ 4 ಸ್ಟಾರ್ ಕೊಡ್ತೇನೆ. ಟೈಮ್‌ಸರ್ಟ್ ಅಂದರೆ ಹಾಳಾದ ಥ್ರೆಡ್ (ತಿರುಪಿನ ಸುತ್ತು) ಸರಿ ಮಾಡುವ ಕಿಟ್, ತನ್ನ ಕೆಲಸ ಮಾಡಿದೆ. ಒಂದು ಸ್ಟಾರ್ ಕಮ್ಮಿ ಯಾಕೆಂದರೆ ಬೆಲೆ ಜಾಸ್ತಿ, ಮತ್ತು ತೂತನ್ನು ಸೊಟ್ಟ ಆಗದ ಹಾಗೆ ಕೊರೆಯುವ ತಲೆನೋವು ಪೂರ್ತಿ ನಮ್ಮದೇ.

ಗಾಡಿ 1982ರ ಪೋರ್ಷೆ 911 ಎಸ್‌ಸಿ. 3 ಲೀಟರ್, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ನಾನಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿ ಚಳಿಗಾಲ ಬಂದರೆ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ನಾನು ಆಗ ಗಾಡಿ ಹೊರಗೆ ತೆಗೆಯಲ್ಲ, ಆದರೆ ನನಗಿಂತ ಮುಂಚೆ ಇದ್ದವರು ತೆಗೆದಿದ್ದರು ಅಂತ ಗಾಡಿಯ ಹೊಟ್ಟೆ ನೋಡಿದರೇ ಗೊತ್ತಾಗುತ್ತೆ.

ಐದು ವರ್ಷದ ಹಿಂದೆ ವಾಲ್ವ್ ಗ್ಯಾಪ್ ಸರಿ ಮಾಡೋಣ ಅಂತ ಕೆಳಗಿನ ವಾಲ್ವ್ ಕವರ್ ಬಿಚ್ಚಿದೆ. ಎಣ್ಣೆ ಜೊತೆಗೆ ಒಂದು ನಟ್ಟು ಕೈಗೆ ಬಂತು. ನಟ್ಟಿನೊಳಗೆ ಸ್ಟಡ್ಡಿನ (ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು) ತುಂಡು ಹಾಗೇ ಕೂತಿತ್ತು. ಈ ಗಾಡಿ ಇಟ್ಟುಕೊಂಡವರಿಗೆ ಇದು ಏನು ಅಂತ ವಿವರಿಸಬೇಕಾಗಿಲ್ಲ. ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಗೊತ್ತಿಲ್ಲದವರಿಗೆ ಹೇಳ್ತೇನೆ. ಈ ಎಂಜಿನ್‌ನಲ್ಲಿ ಆರು ಸಿಲಿಂಡರ್, ಒಂದೊಂದಕ್ಕೂ ನಾಲ್ಕು ಉದ್ದನೆ ಸ್ಟಡ್, ಒಟ್ಟು 24. ಹೆಡ್ಡು (ಸಿಲಿಂಡರ್‌ನ ಮುಚ್ಚಳ), ಸಿಲಿಂಡರ್ರು ಎರಡನ್ನೂ ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಮಧ್ಯದ ಅಲ್ಯೂಮಿನಿಯಂ ಡಬ್ಬಿ, ಮುಂದೆ ಬರೀ ಕೇಸ್ ಅಂತೇನೆ) ಒತ್ತಿ ಹಿಡಿಯುವುದು ಇವೇ. ಮೇಲಿನ 12 ಮಾಮೂಲಿ ಉಕ್ಕಿನವು. ಕೆಳಗಿನ 12 ಡಿಲಾವರ್ ಅನ್ನೋ ಮಿಶ್ರಲೋಹ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಅದರ ಜೊತೆಗೇ ಹಿಗ್ಗುವ ಸ್ಟಡ್ ಇದ್ದರೆ ಎಳೆತ ಕಮ್ಮಿ ಇರುತ್ತೆ ಅನ್ನೋ ಲೆಕ್ಕ. ಲೆಕ್ಕ ಸರಿಯೇ. ಆದರೆ ಫ್ಯಾನ್ ಗಾಳಿ ಮೇಲಿಂದ ಕೆಳಗೆ ಬೀಸುತ್ತೆ, ಸೈಲೆನ್ಸರ್ ಬಿಸಿಯೂ ಕೆಳಗೇ, ನೀರು ಉಪ್ಪು ಮಣ್ಣು ಎಲ್ಲಾ ಕೆಳಗೇ. ತುಕ್ಕಿನ ಒಂದು ಚುಕ್ಕೆ ಸಾಕು, ಅಲ್ಲಿಂದ ಬಿರುಕು ಬಿಟ್ಟು ಒಂದು ದಿನ ಪಟ್ ಅನ್ನುತ್ತೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ನೋಡಬೇಕಾದರೆ ಫ್ರಿಜ್ ಮೇಲಿನ ಅಯಸ್ಕಾಂತ ತಗೊಂಡು ಹೋಗಿ. ಡಿಲಾವರ್‌ಗೆ ಅದು ಅಂಟಲ್ಲ.

ಒಂದು ವರ್ಕ್‌ಶಾಪಿನಲ್ಲಿ ಕೇಳಿದೆ. ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು ಅಂತ ಅವರು ಹೇಳಿದ ಮೊತ್ತಕ್ಕೆ ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗುವ ಮಾತೇ ಇರಲಿಲ್ಲ. ಇನ್ನೊಬ್ಬರು "ಮುರಿದಿದ್ದು ಒಂದೇ ಅಲ್ವಾ, ಹಾಗೇ ಓಡಿಸಿ" ಅಂದರು. ದಯವಿಟ್ಟು ಓಡಿಸಬೇಡಿ. ಹೆಡ್ಡು ಒಂದು ಮೂಲೆಯಲ್ಲಿ ಎದ್ದು ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ಸೋರುತ್ತೆ, ಸೋರಿದ ಜಾಗ ಸವೆಯುತ್ತೆ, ಉಳಿದ ಮೂರು ಸ್ಟಡ್ಡಿನ ಮೇಲೆ ಭಾರ ಬೀಳುತ್ತೆ.

ಸರಿ, ನಾನೇ ಇಳಿಸಿದೆ. ಗ್ಯಾರೇಜಿನಲ್ಲಿ, ಜನವರಿಯಲ್ಲಿ. ಕೇಸನ್ನು ಎರಡು ಹೋಳಾಗಿ ಬಿಚ್ಚಲಿಲ್ಲ, ಹೆಡ್ಡು ಸಿಲಿಂಡರ್ ಮಾತ್ರ ತೆಗೆದೆ. ಒಂದಲ್ಲ, ಮುರಿದಿದ್ದು ಎರಡು! ಒಂದು ಕೇಸಿನ ಮೇಲೆ ಒಂದಿಂಚು ಉಳಿದಿತ್ತು, ಇನ್ನೊಂದು ಕೇಸಿನ ಮಟ್ಟಕ್ಕೇ ಹೋಗಿತ್ತು. ಇಲ್ಲಿ ನಾನು ಮಾಡಿದ ದಡ್ಡತನ ಬರೀತೇನೆ. ಆ ಕುಳ್ಳ ತುಂಡಿನ ಮಧ್ಯ ತೂತು ಕೊರೆದು ಈಸಿ ಔಟ್ (ಮುರಿದ ಬೋಲ್ಟು ತಿರುಗಿಸಿ ತೆಗೆಯುವ ಉಪಕರಣ) ಹಾಕಿ ತಿರುಗಿಸಿದೆ. ಈಸಿ ಔಟ್ ಒಳಗೇ ಮುರಿಯಿತು. ಅದು ಎಷ್ಟು ಗಟ್ಟಿ ಅಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತೆ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ನಿಂತವರು. ಪೋರ್ಷೆ ಗೀರ್ಷೆ ಅವರಿಗೆ ಬೇಡ. ಕೇಳಿದ್ದು ಒಂದೇ: "ಕಾಯ್ಸಿದ್ಯೇನೋ ಮೊದ್ಲು?" ಇಲ್ಲ ಅಂದೆ. "ಮತ್ತೆ ಹೆಂಗೆ ಬರ್ತದೆ ಅದು? ಸ್ಟಡ್ ಕಾಯಿಸ್ಬೇಡ, ಸುತ್ತ ಕೇಸ್ ಕಾಯ್ಸು."

ಕೆಳಗಿನ ಸಾಲಿನ ಉಳಿದ ಸ್ಟಡ್ಡುಗಳೆಲ್ಲ ಹಾಗೇ ಬಂದವು. ಗ್ಯಾಸ್ ಟಾರ್ಚ್‌ನಲ್ಲಿ ಬುಡದ ಸುತ್ತ ನಿಧಾನವಾಗಿ ಕಾಯಿಸಬೇಕು. ಅಲ್ಯೂಮಿನಿಯಂ ಹಿಗ್ಗಿ ತೂತು ಸಡಿಲ ಆಗುತ್ತೆ, ಹಳೇ ಲಾಕಿಂಗ್ ಗೋಂದೂ ಮೆತ್ತಗಾಗುತ್ತೆ, ಆಗ ಸ್ಟಡ್ ಪುಲ್ಲರ್ ಹಾಕಿದರೆ ಕಿರ್ರ್ ಅಂತ ತಿರುಗುತ್ತೆ. ಆ ಸದ್ದು ಕೇಳೋಕೇ ಖುಷಿ. (1977ರವರೆಗಿನ 2.7 ಎಂಜಿನ್‌ನವರೇ, ನಿಲ್ಲಿ. ನಿಮ್ಮ ಕೇಸು ಮೆಗ್ನೀಸಿಯಂ. ನನ್ನ ಮಾತು ಕೇಳಿ ಟಾರ್ಚ್ ಹಿಡಿಯಬೇಡಿ.) ಈಸಿ ಔಟ್ ಸಿಕ್ಕಿಕೊಂಡ ಕುಳ್ಳ ತುಂಡಿಗೆ ಪರಿಚಯದ ವೆಲ್ಡರ್ ಒಬ್ಬರು ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿದರು. ಎರಡು ಸಲ ನಟ್ಟು ಕಿತ್ತು ಬಂತು. ಮೂರನೇ ಸಲ ಸ್ಟಡ್ ತಿರುಗಿತು, ಆದರೆ ಕೇಸಿನ ಥ್ರೆಡ್ಡನ್ನೂ ಎಳೆದುಕೊಂಡೇ ಬಂತು.

ಟೈಮ್‌ಸರ್ಟ್ ಬೇಕಾಗಿದ್ದು ಇಲ್ಲಿ. ಇದೇ ಕೆಲಸಕ್ಕೆ ಬಳಸುವ ಹೆಲಿಕಾಯಿಲ್ ಅನ್ನೋದು ಸುರುಳಿ ತಂತಿ. ಇದು ಹಾಗಲ್ಲ, ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಉಕ್ಕಿನ ಬುಷ್. ಹಳೇ ತೂತು ಕೊರೆಯಬೇಕು, ಮೇಲೆ ಅಂಚು ಕೂರಲು ಜಾಗ ಮಾಡಬೇಕು, ಟ್ಯಾಪ್ ಹೊಡೆದು ಥ್ರೆಡ್ ಮಾಡಬೇಕು, ಆಮೇಲೆ ಕಿಟ್‌ನ ಡ್ರೈವರ್‌ಗೆ (ಬುಷ್ ತಿರುಗಿಸುವ ಉಪಕರಣ) ಎಣ್ಣೆ ಹಚ್ಚಿ ಬುಷ್ ಇಳಿಸಬೇಕು. ಬುಷ್ಷಿನ ಒಳಗೆ ತಳದ ಕೊನೆ ಥ್ರೆಡ್ಡುಗಳು ಪೂರ್ತಿ ಕತ್ತರಿಸಿರಲ್ಲ, ಡ್ರೈವರ್ ಅಲ್ಲಿಗೆ ಬಂದಾಗ ಕೈಗೆ ಬಿಗಿ ಸಿಗುತ್ತೆ, ಅದನ್ನು ಅರಳಿಸಿಕೊಂಡು ಮುಂದೆ ಹೋಗುತ್ತೆ. ಬುಷ್ ಅಲ್ಲೇ ಕಚ್ಚಿ ಕೂರುತ್ತೆ. ಬಿಗಿ ಬಂತು ಅಂತ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ, ನಾನು ನಿಲ್ಲಿಸಿದ್ದೆ. ನೇರ ಕೊರೆಯಲು ಎರಡು ಸಂಜೆ ಕೂತು ಒಂದು ಗೈಡ್ ಪ್ಲೇಟ್ ಮಾಡಿಕೊಂಡೆ. ಸ್ಟಡ್ ಇಷ್ಟು ಉದ್ದ ಇರುವಾಗ ಬುಡದಲ್ಲಿ ಕೂದಲಷ್ಟು ಸೊಟ್ಟ ಆದರೆ ತುದಿಯಲ್ಲಿ ಹೆಡ್ಡೇ ಕೂರಲ್ಲ.

ಕೆಳಗಿನ 12ಕ್ಕೂ ಮೇಲಿನ ಸಾಲಿನಂಥದ್ದೇ ಉಕ್ಕಿನ ಸ್ಟಡ್ ಹಾಕಿದೆ. ಮುರಿದ ಎರಡನ್ನೇ ಬದಲಿಸಿದರೆ ಉಳಿದ ಹತ್ತು ಸಾಲಾಗಿ ಕಾಯ್ತಿರುತ್ತವೆ. ಮೇಲಿನವು ಚೆನ್ನಾಗಿದ್ದವು, ಮುಟ್ಟಲಿಲ್ಲ. ನಟ್ಟುಗಳನ್ನು 32 ನ್ಯೂಟನ್ ಮೀಟರ್‌ಗೆ, ಅಡ್ಡಡ್ಡವಾಗಿ (ಒಂದರ ಮೂಲೆಗೆ ಎದುರಿನದು) ಬಿಗಿ ಮಾಡಿದೆ. ಒಂದು ಕಡೆಯ ಮೂರು ಹೆಡ್ಡಿಗೂ ಒಂದೇ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೌಸಿಂಗ್ ಇರೋದರಿಂದ, ಬಿಗಿ ಮಾಡಿದ ಮೇಲೆ ಕ್ಯಾಮ್ ಕೈಯಲ್ಲೇ ಸಲೀಸಾಗಿ ತಿರುಗುತ್ತಾ ನೋಡಿ.

ಅಲ್ಲಿಂದ ಇಲ್ಲಿಗೆ 18 ಸಾವಿರ ಮೈಲಿ. ಪ್ರತಿ ಚಳಿಗಾಲ ಕೆಳಗಿನ ಕವರ್ ಬಿಚ್ಚಿ ನೋಡ್ತೇನೆ. ನಟ್ಟು ಬಿದ್ದಿಲ್ಲ, ಕಂಪ್ರೆಷನ್ ಆರೂ ಸಿಲಿಂಡರ್‌ನಲ್ಲಿ ಹತ್ತಿರ ಹತ್ತಿರ ಇದೆ. ಎಣ್ಣೆ ಸೋರೋದು ನಿಂತಿದೆಯಾ ಅಂತ ಕೇಳಬೇಡಿ, ಅದು 911. ಕಿಟ್‌ನ ಐದು ಬುಷ್‌ಗಳಲ್ಲಿ ನಾಲ್ಕು ಇನ್ನೂ ಡಬ್ಬಿಯಲ್ಲಿವೆ. ಅಪ್ಪ ಹೋದ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ಒಂದನ್ನು ಬೆಳಕಿಗೆ ಹಿಡಿದು ಒಳಗಡೆ ನೋಡಿ, "ಚೆನ್ನಾಗಿ ಮಾಡಿದ್ದಾರೆ" ಅಂತ ಹೇಳಿ ಜೇಬಿಗೆ ಹಾಕಿಕೊಳ್ಳಲು ಹೋಗಿ ವಾಪಸ್ ಇಟ್ಟರು.