ಗೂಗಲ್ ಸರ್ಚ್ ಕನ್ಸೋಲ್ ರಿವ್ಯೂ: ಒಂದೇ ಎಣ್ಣೆಗಾಯಿ ರೆಸಿಪಿ, ದೇಶಕ್ಕೊಂದು ಇಂಗ್ಲಿಷ್

ಮೂರು ವರ್ಷದಿಂದ ಗೂಗಲ್ ಸರ್ಚ್ ಕನ್ಸೋಲ್ ಬಳಸ್ತಾ ಇದೀನಿ, ಅಂದ್ರೆ ನಮ್ಮ ಸೈಟಿನ ಪೇಜ್‌ಗಳು ಗೂಗಲ್ ಸರ್ಚಲ್ಲಿ ಎಷ್ಟನೇ ಸ್ಥಾನದಲ್ಲಿ, ಎಷ್ಟು ಸಲ ಕಾಣಿಸ್ತಾವೆ ಅಂತ ತೋರಿಸೋ ಗೂಗಲ್ಲಿನದೇ ಟೂಲು. ನಮ್ಮ ಉತ್ತರ ಕರ್ನಾಟಕದ ಅಡುಗೆ ಬಗ್ಗೆ ಇಂಗ್ಲಿಷಲ್ಲಿ ಬರೆಯೋ ಆರ್ಟಿಕಲ್‌ಗಳು ಇಲ್ಲಿಯವರಿಗೆ ಮಾತ್ರ ಅಲ್ಲ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇರೋರಿಗೂ ಸರ್ಚಲ್ಲಿ ಮೇಲೆ ಕಾಣ್ಬೇಕು ಅನ್ನೋದು ನನ್ನ ಆಸೆ. ಈ ಕೆಲಸಕ್ಕೆ ದುಡ್ಡು ಕೊಟ್ಟೂ ನೋಡಿದೀನಿ, ಕೊನೆಗೆ ಕೈ ಹಿಡಿದಿದ್ದು ಈ ಫ್ರೀ ಟೂಲೇ.

ಇದರಲ್ಲಿ ಪರ್ಫಾರ್ಮೆನ್ಸ್ ರಿಪೋರ್ಟ್ ಅಂತ ಇದೆ, ಅದರೊಳಗೆ ಕಂಟ್ರೀಸ್ ಅನ್ನೋ ಟ್ಯಾಬ್. ಮೊದಲ ವರ್ಷ ನಾನು ಅದನ್ನ ತೆಗೆದೇ ನೋಡಿರ್ಲಿಲ್ಲ. ಒಂದಿನ ಬದನೆಕಾಯಿ ಎಣ್ಣೆಗಾಯಿ ಪೇಜನ್ನ ಫಿಲ್ಟರ್ ಮಾಡಿ ದೇಶ ದೇಶ ನೋಡ್ತಾ ಹೋದೆ, ಇಂಡಿಯಾದಲ್ಲಿ ಮೊದಲ ಪುಟದಲ್ಲೇ ಇದೆ, ಬ್ರಿಟನ್ನಲ್ಲಿ ಎಲ್ಲೋ ತಳದಲ್ಲಿ. ಕಾರಣ ಏನು ಅಂದ್ರೆ ನಾನು ಮೇಲಿಂದ ಕೆಳಗಿನ ತನಕ ಬ್ರಿಂಜಾಲ್ ಅಂತಾನೇ ಬರ್ದಿದ್ದೆ. ಅಮೆರಿಕದವರು ಎಗ್‌ಪ್ಲಾಂಟ್ ಅಂತಾರೆ, ಬ್ರಿಟನ್ನವರು ಒಬರ್ಜೀನ್ ಅಂತಾರೆ. ಮೂರೂ ಒಂದೇ ತರಕಾರಿ ಅಂತ ಗೂಗಲ್‌ಗೆ ಗೊತ್ತಾಗುತ್ತೆ, ಆದ್ರೆ ರಿಸಲ್ಟಲ್ಲಿ ತಮಗೆ ಗೊತ್ತಿರೋ ಪದ ಕಾಣದಿದ್ರೆ ಜನ ಯಾಕೆ ಕ್ಲಿಕ್ ಮಾಡ್ತಾರೆ ಹೇಳಿ.

ಇಲ್ಲೊಂದು ತುಂಬಾ ಉಪಯೋಗದ ಸೌಲಭ್ಯ ಇದೆ, 2021ರಲ್ಲಿ ಬಂದಿದ್ದು, ಕ್ವೆರಿ (ಜನ ಸರ್ಚಲ್ಲಿ ಟೈಪ್ ಮಾಡೋ ಪದ) ಫಿಲ್ಟರಲ್ಲಿ ರೆಜೆಕ್ಸ್ ಹಾಕೋದು, ಅಂದ್ರೆ ಹಲವು ಪದಗಳನ್ನ ಒಂದೇ ಸಲ ಹುಡುಕೋಕೆ ಬರೆಯೋ ಒಂದು ಸೂತ್ರ. ಮೂರೂ ಪದಗಳನ್ನ ನಡುವೆ ಒಂದೊಂದು ನಿಂತ ಗೆರೆ (|) ಹಾಕಿ ಬರೆದ್ರೆ ಮೂರರದ್ದೂ ಲೆಕ್ಕ ಒಟ್ಟಿಗೆ ಬರುತ್ತೆ, ಆಮೇಲೆ ಕಂಪೇರ್ ಒತ್ತಿ ಎರಡು ದೇಶ ಪಕ್ಕಪಕ್ಕ ಇಟ್ಟು ನೋಡ್ಬಹುದು. ಹೀಗೆ ನೋಡಿದ್ಮೇಲೆ ಟೈಟಲಲ್ಲಿ ಎರಡು ಹೆಸರು, ಮೊದಲ ಪ್ಯಾರಾದಲ್ಲಿ ಮೂರನೇದು, ಸಾಮಗ್ರಿ ಪಟ್ಟಿಯಲ್ಲಿ ಕೊತ್ತಂಬರಿಗೆ ಕೊರಿಯಾಂಡರ್ ಜೊತೆ ಅಮೆರಿಕದವರು ಹೇಳೋ ಸಿಲಾಂಟ್ರೋ ಅಂತ ಸೇರಿಸಿದೆ. ಅದೇ ಪದಗಳನ್ನ ಸಾಲು ಸಾಲಲ್ಲೂ ತುರುಕಬೇಡಿ, ಓದೋರಿಗೆ ಹಿಂಸೆ.

ಪದಕ್ಕಿಂತ ದೊಡ್ಡ ವಿಷಯ ಅಳತೆ, ಇದನ್ನ ಕನ್ಸೋಲ್ ಹೇಳಲ್ಲ. ಮೆಲ್ಬರ್ನ್‌ನಲ್ಲಿರೋ ನಮ್ಮ ಅತ್ತಿಗೆ ಫೋನ್ ಮಾಡಿ "ನೀ ಬರ್ದಂಗ ಹಾಕೇನಿ, ಹುಳಿ ಭಾಳ ಆಗೇತಿ" ಅಂದ್ರು. ನಾನು ಹುಣಸೆ ರಸ ಮೂರು ಟೇಬಲ್‌ಸ್ಪೂನ್ ಅಂತ ಬರ್ದಿದ್ದೆ, ನನ್ನ ಲೆಕ್ಕದಲ್ಲಿ ಒಂದಕ್ಕೆ 15 ಎಂಎಲ್, ಆಸ್ಟ್ರೇಲಿಯಾದ ಟೇಬಲ್‌ಸ್ಪೂನ್ 20 ಎಂಎಲ್, ಅಂದ್ರೆ 45 ಬೀಳಬೇಕಾದಲ್ಲಿ 60 ಬಿದ್ದಿದೆ! ಅವತ್ತಿಂದ ಎಲ್ಲಾ ಆರ್ಟಿಕಲಲ್ಲೂ ಗ್ರಾಂ ಮತ್ತು ಎಂಎಲ್ ಹಾಕ್ತೀನಿ, ಓವನ್ ಬಳಸೋ ಅಡುಗೆ ಆದ್ರೆ ಸೆಲ್ಸಿಯಸ್ ಫ್ಯಾರನ್‌ಹೀಟ್ ಎರಡೂ. ಅಡುಗೆ ಕೆಟ್ಟವರು ಆ ಪೇಜಿಗೆ ಮತ್ತೆ ಬರಲ್ಲ, ನಾವು ರ‍್ಯಾಂಕ್ ಎಷ್ಟು ಮೇಲಕ್ಕೆ ತಂದ್ರೂ.

ಹೊಸಬರು ಎಡವೋದು ಆ್ಯವರೇಜ್ ಪೊಸಿಷನ್ ಹತ್ರ, ಅಂದ್ರೆ ನಾವು ಸರ್ಚಲ್ಲಿ ಕಾಣಿಸ್ಕೊಂಡ ಸ್ಥಾನಗಳ ಸರಾಸರಿ. ಉದಾಹರಣೆಗೆ ಅಮೆರಿಕದಲ್ಲಿ 100 ಸಲ 8ನೇ ಸ್ಥಾನದಲ್ಲಿ ಕಾಣಿಸ್ಕೊಂಡ್ರೆ ಸರಾಸರಿ 8. ಮುಂದಿನ ತಿಂಗಳು ಅಲ್ಲಿ 6ಕ್ಕೆ ಏರಿದೀರಿ, ಜೊತೆಗೆ ಬ್ರಿಟನ್ನಲ್ಲಿ ಹೊಸದಾಗಿ 100 ಸಲ 40ನೇ ಸ್ಥಾನದಲ್ಲಿ ಕಾಣಿಸ್ಕೊಂಡಿದೀರಿ ಅಂದ್ಕೊಳ್ಳಿ, ಒಟ್ಟು ಸರಾಸರಿ 23 ಆಗುತ್ತೆ. ಎರಡೂ ಕಡೆ ಒಳ್ಳೇದೇ ಆಗಿದೆ, ಗ್ರಾಫ್ ಮಾತ್ರ ಪಾತಾಳಕ್ಕೆ. ಇದನ್ನ ನೋಡಿ ಹೆದರಿ ಚೆನ್ನಾಗಿದ್ದ ಟೈಟಲನ್ನೇ ಬದಲಾಯಿಸಿದ್ದೀನಿ ನಾನು, ಹಾಗಾಗಿ ಹೇಳ್ತಿದೀನಿ, ದೇಶದ ಫಿಲ್ಟರ್ ಹಾಕದೆ ಆ ನಂಬರ್ ನೋಡ್ಲೇಬೇಡಿ.

ದುಡ್ಡು ಕೊಟ್ಟ ಕಥೆ. ಒಂದು ಏಜೆನ್ಸಿಯವರು ದೇಶಕ್ಕೊಂದು ಫೋಲ್ಡರ್ ಮಾಡಿ ಒಂದೇ ಆರ್ಟಿಕಲನ್ನ ನಾಲ್ಕು ಕಾಪಿ ಹಾಕಿ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಕೂರಿಸಿಕೊಟ್ರು, ರ‍್ಯಾಂಕ್ ಏರುತ್ತೆ ಅಂದ್ರು. ಆ ಟ್ಯಾಗ್ ರ‍್ಯಾಂಕ್ ಏರಿಸೋಕೆ ಇರೋದಲ್ಲ, ಯಾವ ದೇಶದವರಿಗೆ ಯಾವ ಪುಟ ತೋರಿಸ್ಬೇಕು ಅಂತ ಹೇಳೋಕೆ. ಅದರ ಮೇಲೆ ಬ್ರಿಟನ್ನಿಗೆ ಇಎನ್-ಯುಕೆ ಅಂತ ಹಾಕಿದ್ರು, ಸರಿಯಾದ ಕೋಡ್ ಇಎನ್-ಜಿಬಿ. ಪುಟಗಳು ಒಂದಕ್ಕೊಂದು ವಾಪಸ್ ಲಿಂಕ್ ಕೂಡ ಕೊಟ್ಟಿರ್ಲಿಲ್ಲ, ವಾಪಸ್ ಲಿಂಕ್ ಇಲ್ಲದಿದ್ರೆ ಗೂಗಲ್ ಆ ಟ್ಯಾಗನ್ನ ಲೆಕ್ಕಕ್ಕೇ ತಗೊಳ್ದೇ ಹೋಗ್ಬಹುದು. ಕನ್ಸೋಲಿನ ಇಂಡೆಕ್ಸಿಂಗ್ ರಿಪೋರ್ಟಲ್ಲೇ (ಯಾವ ಪುಟ ಗೂಗಲ್ ಪಟ್ಟಿಗೆ ಸೇರಿದೆ, ಯಾವುದು ಇಲ್ಲ ಅಂತ ಹೇಳೋದು) ಗೊತ್ತಾಗಿದ್ದು, ಮೂರು ಕಾಪಿಗಳು ಡೂಪ್ಲಿಕೇಟ್ ಅಂತ ಬದಿಗೆ ಬಿದ್ದಿದ್ವು. ಎಲ್ಲಾ ತೆಗೆದು 301 ರೀಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದೋರನ್ನ ಶಾಶ್ವತವಾಗಿ ಬೇರೆ ಪುಟಕ್ಕೆ ಕಳಿಸೋ ವ್ಯವಸ್ಥೆ) ಹಾಕಿ ಒಂದೇ ಪುಟ ಉಳಿಸ್ಕೊಂಡೆ, ಸರಿಯಾಗೋಕೆ ತಿಂಗಳುಗಳೇ ಹಿಡೀತು. ಬೆಲೆ, ಸ್ಟಾಕ್, ಕಾನೂನು ದೇಶದಿಂದ ದೇಶಕ್ಕೆ ಬೇರೆ ಇರೋ ಸೈಟ್‌ಗಳಿಗೆ ಬೇರೆ ಬೇರೆ ಪುಟ ಬೇಕೇ ಬೇಕು, ಒಂದು ಎಣ್ಣೆಗಾಯಿಗೆ ಬೇಡ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಡೇಟಾ 16 ತಿಂಗಳದ್ದು ಮಾತ್ರ ಸಿಗೋದು, ಟೇಬಲಲ್ಲಿ 1000 ಸಾಲಿಗೆ ನಿಲ್ಲುತ್ತೆ, ಹಾಗಾಗಿ ಪ್ರತಿ ತಿಂಗಳು ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ. ದೇಶ ಟಾರ್ಗೆಟ್ ಮಾಡೋ ಹಳೇ ಇಂಟರ್‌ನ್ಯಾಷನಲ್ ಟಾರ್ಗೆಟಿಂಗ್ ರಿಪೋರ್ಟನ್ನ 2022ರಲ್ಲಿ ತೆಗೆದಿದಾರೆ, ಹಳೇ ವಿಡಿಯೋ ನೋಡಿ ಹುಡುಕ್ತಾ ಕೂರಬೇಡಿ. ಇನ್ನೊಂದು, ಬೆಂಗಳೂರಲ್ಲಿ ಕೂತು ಗೂಗಲ್ ಡಾಟ್ ಸಿಒ ಡಾಟ್ ಯುಕೆ ಅಂತ ಟೈಪ್ ಮಾಡಿದ್ರೆ ಬ್ರಿಟನ್ ರಿಸಲ್ಟ್ ಬರುತ್ತೆ ಅನ್ನೋದು ಹಳೇ ಮಾತು, 2017ರಿಂದ ನಾವಿರೋ ಜಾಗದ ಪ್ರಕಾರಾನೇ ತೋರಿಸೋದು, ಬೇರೆ ದೇಶದ ನಿಜ ಸ್ಥಾನ ಬೇಕಂದ್ರೆ ಈ ಕಂಟ್ರೀಸ್ ಟ್ಯಾಬೇ ಗತಿ.

ಹೋದ ವಾರ ಪಟ್ಟಿಯ ಕೆಳಗೆ ಸೌತ್ ಆಫ್ರಿಕಾ ಕಾಣಿಸ್ತು. ಕ್ವೆರಿ ತೆಗೆದು ನೋಡಿದ್ರೆ ಬ್ರಿಂಜಾಲ್, ನಮ್ಮ ಥರಾನೇ! ಅಲ್ಲಿನ ಇಂಗ್ಲಿಷಲ್ಲೂ ಅದೇ ಪದ ಅಂತ ಆಮೇಲೆ ಗೊತ್ತಾಯ್ತು. ಇನ್ನು ಗುರೆಳ್ಳಿಗೆ ಅಲ್ಲಿಯವರು ಏನಂತಾರೆ ಅಂತ ಹುಡುಕ್ತಾ ಇದೀನಿ, ಆ ಹೆಸರು ಸಿಕ್ಕಿದ್ರೆ ಇವತ್ತೇ ಪಟ್ಟಿಗೆ ಸೇರಿಸ್ತೀನಿ.