ಬಿಗ್ ಬೋರ್ ಎಂದು ಹಣ ಪಡೆದು ಅರ್ಧ ಮಿಲಿಮೀಟರ್ ರೀಬೋರ್ ಮಾಡಿಕೊಟ್ಟರು: ಎಟಿವಿ ಇರುವ ತೋಟದವರು ದಯವಿಟ್ಟು ಓದಿ

ಎರಡು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಕಳೆದ ವಾರ ಮೂಡಿಗೆರೆ ಕಡೆಯ ಒಬ್ಬರು ಅದೇ ಅಂಗಡಿಗೆ, ಅದೇ ಕೆಲಸಕ್ಕೆ ಮುಂಗಡ ಕೊಟ್ಟಿದ್ದಾರೆಂದು ಕಿವಿಗೆ ಬಿತ್ತು. ಇನ್ನು ಸುಮ್ಮನಿರಲು ಆಗುವುದಿಲ್ಲ. ಅಂಗಡಿ ಚಿಕ್ಕಮಗಳೂರಿನ ಹೊರವಲಯದಲ್ಲಿದೆ. ದೂರು ಕೊಡಲು ಹೊರಟಿರುವುದರಿಂದ ಈಗಲೇ ಹೆಸರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ. ಆದರೆ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಮ್ಮ ಕಾಫಿ ತೋಟ ಆಲ್ದೂರಿನ ಹತ್ತಿರ. ಕೆಳಗಿನ ರೊಬಸ್ಟಾ ಬ್ಲಾಕಿನಿಂದ ಕಣಕ್ಕೆ ಬರುವ ದಾರಿ ಪೂರ್ತಿ ಏರು, ಎರಡು ಕಡೆ ಕಡಿದಾದ ತಿರುವು. ಅಲ್ಲಿಗೆಂದೇ ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ, ಬೈಕಿನ ಹಾಗೆ ಕೂರುವ ನಾಲ್ಕು ಚಕ್ರದ ಗಾಡಿ) ತಂದೆ. 500 ಸಿಸಿ, ಒಂದೇ ಸಿಲಿಂಡರ್, ಬೆಲ್ಟ್ ಮೇಲೆ ಓಡುವ ಗಾಡಿ. ಹಿಂದೆ ಸಣ್ಣ ಟ್ರೇಲರ್ ಕಟ್ಟಿದರೆ ಹಣ್ಣಿನ ಮೂಟೆ, ಗೊಬ್ಬರ, ಸ್ಪ್ರಿಂಕ್ಲರ್ ಪೈಪು ಎಲ್ಲವನ್ನೂ ಎಳೆಯುತ್ತಿತ್ತು. ಕೆಸರಿಗೆಂದು 25 ಇಂಚಿನ ಟಯರ್ ತೆಗೆದು 27 ಇಂಚಿನದು ಹಾಕಿಸಿದ ಮೇಲೆ ಎಳೆತ ಕಡಿಮೆಯಾಯಿತು. ಚಕ್ರ ದೊಡ್ಡದಾದರೆ ಹಾಗಾಗುವುದೇ. ಬೆಲ್ಟನ್ನು ಹಿಡಿದು ತಿರುಗಿಸುವ ಕ್ಲಚ್ಚನ್ನು ಹೊಂದಿಸಿದ್ದರೆ ಸಾಕಿತ್ತು ಎಂದು ಈಗ ತಿಳಿದಿದೆ. ಆಗ ತಿಳಿದಿರಲಿಲ್ಲ.

ಅಂಗಡಿಯವನು ಗಾಡಿ ನೋಡಿದ ಕೂಡಲೇ ಹೇಳಿದ: "ಸಾರ್, ಬಿಗ್ ಬೋರ್ ಮಾಡಿಸಿಬಿಡಿ. 600 ಸಿಸಿ ಮಾಡಿಕೊಡುತ್ತೇನೆ. ಪಿಸ್ಟನ್ ಹೊರಗಿನಿಂದ ಬರುತ್ತದೆ. ಕ್ಲಚ್‌ಗೆ ಹೊಸ ವೇಟು, ಹೊಸ ಸ್ಪ್ರಿಂಗ್, ಎಲ್ಲ ಸೇರಿ 1,18,000." ಬಿಗ್ ಬೋರ್ ಎಂದರೆ ಸಿಲಿಂಡರನ್ನು ಅಗಲವಾಗಿ ಕೊರೆದು ದೊಡ್ಡ ಪಿಸ್ಟನ್ ಹಾಕಿ ಸಿಸಿ ಹೆಚ್ಚಿಸುವುದು. ಮೊಬೈಲಿನಲ್ಲಿ ಹೊಳೆಯುವ ಪಿಸ್ಟನ್ನಿನ ಚಿತ್ರಗಳನ್ನು ತೋರಿಸಿದ. ನಾನು ನಂಬಿದೆ. 70,000 ಯುಪಿಐ ಮೂಲಕ ಕಳಿಸಿದೆ. ಉಳಿದದ್ದು ನಗದಾಗಿಯೇ ಬೇಕು ಎಂದ, ಅದಕ್ಕೂ ಒಪ್ಪಿದೆ. ಇಷ್ಟೇ ಆಗಿದ್ದರೆ ನನ್ನ ಹಣ ಹೋಯಿತು ಎಂದುಕೊಳ್ಳುತ್ತಿದ್ದೆ. ಬಹಳ ಒಳ್ಳೆಯ ಕೆಲಸಗಾರ ಎಂದು ಹೇಳಿ ನನ್ನ ಭಾವಮೈದುನನಿಂದಲೂ 20,000 ಮುಂಗಡ ಕೊಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ಅವನ ಮುಖ ನೋಡಲು ಆಗುವುದಿಲ್ಲ.

ನವೆಂಬರಿನಲ್ಲಿ ಪಿಕಪ್ಪಿಗೆ ಹೇರಿಕೊಂಡು ಹೋಗಿ ಬಿಟ್ಟು ಬಂದೆ, ಎಟಿವಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲವಲ್ಲ. ಹನ್ನೆರಡು ದಿನ ಎಂದಿದ್ದ. 41 ದಿನವಾಯಿತು. ಅರೇಬಿಕಾ ಕೊಯ್ಲು ಪೂರ್ತಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಕಳೆಯಿತು. ಫೋನ್ ಮಾಡಿದಾಗಲೆಲ್ಲ "ಪಾರ್ಸೆಲ್ ಬೆಂಗಳೂರಿಗೆ ಬಂದಿದೆ ಸಾರ್" ಎಂಬ ಒಂದೇ ಉತ್ತರ. ಹಳೆಯ ಪಿಸ್ಟನ್, ಹಳೆಯ ಸ್ಪ್ರಿಂಗ್ ಕೇಳಿದರೆ "ಗುಜರಿಗೆ ಹೋಯಿತು." ಬಿಲ್ ಕೇಳಿದರೆ ಬಿಳಿ ಚೀಟಿ. ಅದರಲ್ಲಿ ಬರೆದಿದ್ದು ಇಷ್ಟೇ: ಎಂಜಿನ್ ಕೆಲಸ, ಕ್ಲಚ್ ಕೆಲಸ.

ಅಂಗಡಿಯ ಮುಂದಿನ ಮಟ್ಟಸ ಜಾಗದಲ್ಲಿ ಓಡಿಸಿದಾಗ ಗಾಡಿ ಅಬ್ಬರಿಸಿತು. ಸದ್ದು ಹೆಚ್ಚಾಗಿತ್ತು, ಮುಟ್ಟಿದರೆ ರೇಸ್ ಏರುತ್ತಿತ್ತು. ಆ ಸದ್ದನ್ನೇ ನಾನು ಶಕ್ತಿ ಎಂದುಕೊಂಡೆ. ಮನೆಗೆ ತಂದು ಚಿಕ್ಕಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಬಂದೆ.

ಮೂರನೆಯ ದಿನ ಆರು ಮೂಟೆ ಹಣ್ಣು ಹೇರಿ ಕೆಳಗಿನ ಬ್ಲಾಕಿನಿಂದ ಹೊರಟೆ. ಹಳ್ಳ ದಾಟಿ ಎರಡನೆಯ ತಿರುವಿನಲ್ಲಿ ಎಂಜಿನ್ ಕಿರುಚತೊಡಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು. ಕ್ಲಚ್ಚಿಗೆ ಗಾಳಿ ಹೋಗುವ ಕೊಳವೆಯಿಂದ ಹೊಗೆ ಎದ್ದಿತು. ಬ್ರೇಕ್ ಹಿಡಿದರೂ ಟ್ರೇಲರಿನ ಭಾರಕ್ಕೆ ಗಾಡಿ ಹಿಂದಕ್ಕೆ ಜಾರತೊಡಗಿತು. ತೋಟದ ರೈಟರು (ಲೆಕ್ಕ ಬರೆಯುವವರು) ಓಡಿ ಬಂದು ಚಕ್ರಕ್ಕೆ ಕಲ್ಲು ಕೊಡದಿದ್ದರೆ ನಾನು, ಟ್ರೇಲರು, ಮೂಟೆ ಎಲ್ಲ ಹಳ್ಳದಲ್ಲಿರುತ್ತಿದ್ದೆವು. ಕೊಯ್ಲಿಗೆ ಬಂದ ಹೆಣ್ಣಾಳುಗಳು ಆ ಮೂಟೆಗಳನ್ನು ಇಳಿಸಿ ತಲೆಯ ಮೇಲೆ ಹೊತ್ತು ಕಣಕ್ಕೆ ತಂದರು. ಅದನ್ನು ನೋಡುತ್ತಾ ನಿಂತಿದ್ದೆ.

ಅವನಿಗೆ ಫೋನ್ ಮಾಡಿದೆ. "ಹೊಸ ಎಂಜಿನ್ನಿಗೆ ಅಷ್ಟು ಭಾರ ಹಾಕಿದರೆ ಹೀಗೇ ಆಗುವುದು ಸಾರ್." ಭಾರ ಎಳೆಯಲೆಂದೇ ಅಲ್ಲವೇ ನಾನು ಮಾಡಿಸಿದ್ದು? "ನಿಮಗೆ ಓಡಿಸಲು ಬರುವುದಿಲ್ಲ ಸಾರ್. ಬೆಲ್ಟಿಗೆ ಗ್ಯಾರಂಟಿ ಇಲ್ಲ. ಹೊಸ ಬೆಲ್ಟ್ 14,000 ಆಗುತ್ತದೆ, ಕಳಿಸಲೇ?" ಕಳಿಸು ಎಂದೆ. ಹಣವನ್ನೂ ಕೊಟ್ಟೆ. ಆ ಬೆಲ್ಟ್ ಒಂಬತ್ತು ದಿನ ಬಂತು.

ಆಮೇಲೆ ಗಾಡಿಯನ್ನು ಅವನ ಬಳಿಗೆ ಒಯ್ಯಲಿಲ್ಲ. ಬೇಲೂರು ಮೇಲೆ ಹಾಸನಕ್ಕೆ ಒಯ್ದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಲೇತ್ ಕೆಲಸದವರೊಬ್ಬರು ಇದ್ದಾರೆ, ವಯಸ್ಸಾದವರು, ಮಾತು ಕಡಿಮೆ. ಹೆಡ್ ಬಿಚ್ಚಿ, ಪಿಸ್ಟನ್ ಮೇಲಿನ ಮಸಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ನನ್ನನ್ನು ಹತ್ತಿರ ಕರೆದರು. ಪಿಸ್ಟನ್ ತಲೆಯ ಅಂಚಿನಲ್ಲಿ ಸಣ್ಣದಾಗಿ ಒತ್ತಿದ ಅಂಕಿ ಇತ್ತು: 0.50.

"ಇದು ಸವೆದ ಸಿಲಿಂಡರ್ ಸರಿಮಾಡಲು ಹಾಕುವ ಪಿಸ್ಟನ್. ಅರ್ಧ ಮಿಲಿಮೀಟರ್ ಓವರ್‌ಸೈಜು. ನಿಮಗೆ ಬಿಗ್ ಬೋರ್ ಎಂದು ಹೇಳಿದವರು ಯಾರು?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಬೋರ್ (ಸಿಲಿಂಡರಿನ ಒಳಗಿನ ಅಗಲ) ಎಷ್ಟು ಮಿಲಿಮೀಟರ್ ಎಂದು ಗೇಜ್ ಇಳಿಸಿ ಅಳೆದರು. 92.5. ಕಂಪನಿಯಿಂದ ಬಂದಾಗ ಇದ್ದದ್ದು 92, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75. ಬೋರನ್ನು ಬೋರಿನಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, 0.785ರಿಂದ ಗುಣಿಸಿದರೆ ಸಿಸಿ ಸಿಗುತ್ತದೆ (ಸೆಂಟಿಮೀಟರಿನಲ್ಲಿ ಹಾಕಬೇಕು). ಅಲ್ಲೇ ನಿಂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 498 ಇದ್ದದ್ದು 504 ಆಗಿದೆ. ಐದೋ ಆರೋ ಸಿಸಿ! ಅದೇ ಸ್ಟ್ರೋಕಿಗೆ 600 ಸಿಸಿ ಬೇಕಾದರೆ ಪಿಸ್ಟನ್ ಸುಮಾರು 101 ಮಿಲಿಮೀಟರ್ ಇರಬೇಕು. "ಅಷ್ಟು ಕೊರೆದರೆ ಈ ಲೈನರ್ (ಸಿಲಿಂಡರಿನ ಒಳಗಿನ ಕಬ್ಬಿಣದ ಕೊಳವೆ) ಗೋಡೆಯೇ ಉಳಿಯುವುದಿಲ್ಲ" ಎಂದರು ಅವರು. ಅಂದರೆ ಮಾಡಲಾಗದ ಕೆಲಸವನ್ನು ಮಾಡಿಕೊಡುತ್ತೇನೆಂದು ಹೇಳಿ ಹಣ ತೆಗೆದುಕೊಂಡಿದ್ದಾನೆ. ಈ ಲೆಕ್ಕಕ್ಕೆ ಒಂದು ನಿಮಿಷ ಸಾಕು. ಹಣ ಕೊಡುವ ಮೊದಲು ಆ ಒಂದು ನಿಮಿಷ ನಾನು ಕೊಡಲಿಲ್ಲ.

ಕ್ಲಚ್ ಬಿಚ್ಚಿದಾಗ ಇನ್ನೂ ಹೊಟ್ಟೆ ಉರಿಯಿತು. ಕ್ಲಚ್ ಸ್ಪ್ರಿಂಗುಗಳನ್ನು ಬಣ್ಣದಿಂದ ಗುರುತಿಸುತ್ತಾರೆ, ಬಣ್ಣ ಬೇರೆಯಾದರೆ ಬಿಗಿ ಬೇರೆ. ನನ್ನದರ ಮೇಲೆ ಹೊಸ ಕೆಂಪು ಬಣ್ಣವಿತ್ತು. ಅವರು ಉಗುರಿನಿಂದ ಕೆರೆದರು. ಕೆಂಪು ಸಿಪ್ಪೆಯಂತೆ ಎದ್ದು ಬಂತು, ಅಡಿಯಲ್ಲಿ ಹಳೆಯ ಹಸಿರು ಬಣ್ಣ. ನನ್ನದೇ ಸ್ಪ್ರಿಂಗಿಗೆ ಬಣ್ಣ ಬಳಿದು ನನಗೇ ಮಾರಿದ್ದಾನೆ. ನಂತರ ಮೂರು ವೇಟುಗಳನ್ನು ಪಕ್ಕದ ಬೀದಿಯ ಅಕ್ಕಸಾಲಿಗರ ತಕ್ಕಡಿಗೆ ಹಾಕಿಸಿದರು. 52 ಗ್ರಾಂ, 49 ಗ್ರಾಂ, 50 ಗ್ರಾಂ. ಮೂರೂ ಒಂದೇ ತೂಕ ಇರಬೇಕಾದವು. ಒತ್ತಿದ್ದ ಅಂಕಿಯನ್ನು ಗ್ರೈಂಡರಿನಲ್ಲಿ ಉಜ್ಜಿ ಅಳಿಸಿದ ಗೀರುಗಳು ಕಾಣುತ್ತಿದ್ದವು. ಎಂಜಿನ್ ತಿರುಗಿದಂತೆ ಈ ವೇಟುಗಳೇ ಹೊರಕ್ಕೆ ಚಿಮ್ಮಿ ಬೆಲ್ಟನ್ನು ಒತ್ತಿ ಹಿಡಿಯುವುದು. ಎಂಜಿನ್ ಎಳೆತ ಹೆಚ್ಚಾದರೆ ಸಾಮಾನ್ಯವಾಗಿ ವೇಟ್ ಹೆಚ್ಚಿಸಬೇಕು. ಇವನು ಉಜ್ಜಿ ಕಡಿಮೆ ಮಾಡಿದ್ದ. ರೇಸ್ ಏರಿ ಸದ್ದು ಬರಲಿ ಎಂದು, ಗಿರಾಕಿ ಮಟ್ಟಸ ಜಾಗದಲ್ಲಿ ಓಡಿಸಿ ಖುಷಿಪಡಲಿ ಎಂದು! ಹಿಡಿತ ಸಡಿಲವಾಗಿ ಬೆಲ್ಟ್ ಜಾರಿ ಸುಟ್ಟಿದೆ, ಎರಡೆರಡು ಬೆಲ್ಟ್. ಓಡಿಸಲು ಬರುವುದಿಲ್ಲ ಎಂದು ನನಗೆ ಹೇಳಿದನಲ್ಲ, ಅದು ಇನ್ನೂ ಕಿವಿಯಲ್ಲಿದೆ.

ಪಿಸ್ಟನ್ನಿನ ಫೋಟೋ ಕಳಿಸಿದೆ. ಒಂದು ದಿನ ಬಿಟ್ಟು ಬಂದ ಉತ್ತರ ಹೀಗಿತ್ತು: "ಸಾರ್, ಮೊದಲಿಗಿಂತ ಬೋರ್ ದೊಡ್ಡದಾಗಿದೆ ತಾನೇ? ದೊಡ್ಡದಾದರೆ ಬಿಗ್ ಬೋರ್ ಅಲ್ಲವೇ?"

ಇದನ್ನು ಹತ್ತು ಸಲ ಓದಿದೆ. ಕೈ ನಡುಗುತ್ತಿತ್ತು. 600 ಸಿಸಿ ಎಂದಿದ್ದೆಯಲ್ಲ ಎಂದು ಬರೆದರೆ "ಅದು ಅಂದಾಜು ಹೇಳಿದ್ದು." ಸ್ಪ್ರಿಂಗ್ ಬಣ್ಣದ ಬಗ್ಗೆ ಕೇಳಿದರೆ "ತುಕ್ಕು ಹಿಡಿಯಬಾರದೆಂದು ಬಳಿದೆವು." ಹಣ ಕೇಳಿದ ಮೇಲೆ "ಗಾಡಿಯನ್ನು ಬೇರೆಯವರ ಕೈಯಲ್ಲಿ ಬಿಚ್ಚಿಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ." ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ. ಭಾವಮೈದುನನ 20,000 ಕೂಡ ಬಂದಿಲ್ಲ. ಅದನ್ನು ನಾನೇ ಕೊಟ್ಟುಬಿಟ್ಟೆ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೇನೆ, ಜಿಲ್ಲಾ ಆಯೋಗಕ್ಕೆ ಕಾಗದಗಳು ತಯಾರಾಗುತ್ತಿವೆ. ಕೈಯಲ್ಲಿರುವ ಆಧಾರ ಯುಪಿಐ ದಾಖಲೆ ಮತ್ತು ಅವನ ಸಂದೇಶಗಳು ಮಾತ್ರ. ನಗದು ಕೊಟ್ಟ 48,000ಕ್ಕೆ ಏನೂ ಇಲ್ಲ. ಆದ್ದರಿಂದ ಯಾರೂ ನಗದು ಕೊಡಬೇಡಿ. ಪಿಸ್ಟನ್ ಒಳಗೆ ಹೋಗುವ ಮೊದಲು ಎದುರಿಗೆ ನಿಂತು ಅಳೆಸಿ, ಎಷ್ಟು ಮಿಲಿಮೀಟರ್ ಎಂದು ಚೀಟಿಯಲ್ಲಿ ಬರೆಸಿ. ವೇಟಿನ ಮೇಲಿನ ಅಂಕಿ ಓದಿ. ಹಳೆಯ ಸಾಮಾನು ಗುಜರಿಗೆ ಹೋಯಿತು ಎಂದರೆ ಅಲ್ಲೇ ಜಗಳ ತೆಗೆಯಿರಿ, ನನ್ನ ಹಾಗೆ ತಲೆಯಾಡಿಸಿ ಬರಬೇಡಿ. ಸಿಲಿಂಡರಿಗೆ ಕಬ್ಬಿಣದ ಲೈನರ್ ಬದಲು ಲೇಪನವಿರುವ ಗಾಡಿಯಾದರೆ ಇಂಥವರ ಕೈಗೆ ಕೊಡಲೇಬೇಡಿ, ಕೊರೆದರೆ ಲೇಪನವೇ ಹೋಗುತ್ತದೆ.

ಹಾಸನದವರು ಸರಿಯಾದ ವೇಟು, ಸ್ಪ್ರಿಂಗ್ ತರಿಸಿ ಹಾಕಿಕೊಟ್ಟರು. 504 ಸಿಸಿಯಲ್ಲೇ ಗಾಡಿ ಈಗ ಏರು ಹತ್ತುತ್ತಿದೆ. ಕೆಂಪು ಬಣ್ಣದ ಸ್ಪ್ರಿಂಗ್ ನನ್ನ ಬಳಿಯೇ ಇದೆ, ಕೆರೆದ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ. ಆ ಅಂಗಡಿಗೆ ಗಾಡಿ ಬಿಡಲು ಹೊರಟವರು ಆಲ್ದೂರಿನ ಮೇಲೆ ಹೋಗುವವರಾದರೆ, ಮೊದಲು ನಮ್ಮ ಮನೆಗೆ ಬಂದು ಅದನ್ನು ಕೈಯಲ್ಲಿ ಹಿಡಿದು ನೋಡಿ.