ಮ್ಯಾಡ್ರಿಡ್‌ನಲ್ಲಿ ಪ್ರಾಡೋ ಮೊದಲಾ, ತಿಸೆನ್ ಮೊದಲಾ?

ಮ್ಯಾಡ್ರಿಡ್‌ನಲ್ಲಿ ಪ್ರಾಡೋ, ತಿಸೆನ್ ಎಂಬ ಈ ಎರಡು ಚಿತ್ರಕಲಾ ಮ್ಯೂಸಿಯಂಗಳು ಇರುವುದು ಒಂದೇ ರಸ್ತೆಯ ಆಚೆ ಈಚೆ. ನಡೆದು ಹೋದರೆ ಕೆಲವೇ ನಿಮಿಷ. ನಾನು ಮೊದಲ ದಿನ ಪ್ರಾಡೋ, ಮರುದಿನ ತಿಸೆನ್ ನೋಡಿದೆ. ನೀವು ಹೋಗುವುದಾದರೆ ತಿಸೆನ್‌ನಿಂದಲೇ ಶುರು ಮಾಡಿ.

ಪ್ರಾಡೋ ಬಾಗಿಲು ತೆರೆದದ್ದು 1819ರಲ್ಲಿ. ಅಲ್ಲಿನ ಸಂಗ್ರಹದ ತಿರುಳು ಸ್ಪೇನಿನ ರಾಜರ ಮನೆಯ ಚಿತ್ರಗಳು. ರಾಜರಿಗೆ ಯಾವ ಚಿತ್ರಕಾರರು ಇಷ್ಟವೋ ಅವರೇ ಅಲ್ಲಿ ತುಂಬಿದ್ದಾರೆ. ಟಿಷಿಯನ್, ರೂಬೆನ್ಸ್, ವೆಲಾಸ್ಕೆಸ್ ಕೋಣೆ ಕೋಣೆ ತುಂಬ. ದೊರೆ ಎರಡನೇ ಫಿಲಿಪ್‌ಗೆ ಬಾಷ್ ಅಂದರೆ ಪ್ರಾಣ, ಹಾಗಾಗಿ ಬಾಷ್‌ನ ಒಳ್ಳೊಳ್ಳೆ ಚಿತ್ರಗಳೂ ಇಲ್ಲೇ ಇವೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನದು ಮಾತ್ರ ಒಂದೇ ಒಂದು, 1634ರದು. ಡಚ್ಚರು ಸ್ಪೇನಿನ ಮೇಲೆ ತಿರುಗಿಬಿದ್ದು 80 ವರ್ಷ ಕಾದಾಡಿದವರು, ಅಲ್ವಾ? ಅವರ ಚಿತ್ರ ಅರಮನೆಗೆ ಎಲ್ಲಿಂದ ಬರಬೇಕು!

ತಿಸೆನ್ ಹಾಗಲ್ಲ. ಒಂದೇ ಮನೆತನದ ಅಪ್ಪ ಮಗ ದುಡ್ಡು ಕೊಟ್ಟು, ಹುಡುಕಿ ಹುಡುಕಿ ಕೂಡಿಸಿದ ಸಂಗ್ರಹ ಅದು. 1992ರಲ್ಲಿ ತೆರೆಯಿತು, ಮರುವರ್ಷ ಸ್ಪೇನ್ ಸರ್ಕಾರ ಕೊಂಡುಕೊಂಡಿತು. ಮೇಲಿನ ಮಹಡಿಯಿಂದ ಶುರು ಮಾಡಿ ಇಳಿಯುತ್ತಾ ಬಂದರೆ ಕಾಲವೂ ಮುಂದಕ್ಕೆ ಬರುತ್ತದೆ. ಒಬ್ಬೊಬ್ಬರದು ಒಂದೋ ಎರಡೋ ಚಿತ್ರ, ಸಾಕು. ಇಟಲಿಯ ಗಿರ್ಲಾಂಡಾಯೋ ಬರೆದ ಜೊವಾನ್ನಾ ಎಂಬ ಹೆಂಗಸು ಇದ್ದಾಳೆ. ಹೋಲ್ಬೈನ್ ಬರೆದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಇದ್ದಾನೆ, ಚಿತ್ರ ಬರೀ 28 ಸೆಂಟಿಮೀಟರ್ ಎತ್ತರ. ಪ್ರಾಡೋದಲ್ಲಿ ಸಿಗದ ಡಚ್ಚರೂ ಇಲ್ಲಿ ಸಿಗುತ್ತಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ವಾನ್ ಐಕ್‌ನ ಎರಡು ಪುಟ್ಟ ಹಲಗೆಗಳ ಮುಂದೆ. ಒಂದರಲ್ಲಿ ದೇವದೂತ ಗೇಬ್ರಿಯಲ್, ಇನ್ನೊಂದರಲ್ಲಿ ಮೇರಿ. ನೋಡಿದರೆ ಬಿಳಿ ಕಲ್ಲಿನ ವಿಗ್ರಹಗಳು. ಹಿಂದೆ ನುಣ್ಣಗೆ ಉಜ್ಜಿದ ಕರಿಕಲ್ಲು, ಅದರಲ್ಲಿ ವಿಗ್ರಹಗಳ ಬೆನ್ನು ಮಸುಕಾಗಿ ಕಾಣುತ್ತದೆ. ಕೆಳಗಿನ ಪೀಠ ಚೌಕಟ್ಟು ದಾಟಿ ಹೊರಗೆ ಬಂದ ಹಾಗಿದೆ. ಕಲ್ಲೂ ಇಲ್ಲ, ಪೀಠವೂ ಇಲ್ಲ, ಎಲ್ಲ ಬಣ್ಣ. ಪಕ್ಕಕ್ಕೆ ಸರಿದು ನೋಡಿದ ಮೇಲೇ ನನಗೆ ನಂಬಿಕೆ ಬಂದದ್ದು.

ಫೋಟೋ ಬೇಕೆನ್ನುವವರಿಗೆ ಒಂದು ಮಾತು. ತಿಸೆನ್‌ನಲ್ಲಿ ಫ್ಲಾಶ್ ಇಲ್ಲದೆ ತೆಗೆಯಬಹುದು, ಪ್ರಾಡೋ ಗ್ಯಾಲರಿಗಳಲ್ಲಿ ಬಿಡುವುದಿಲ್ಲ. ನನಗೆ ಅದೇ ಒಳ್ಳೆಯದು ಅನಿಸಿತು. ಕೈಯಲ್ಲಿ ಫೋನ್ ಇಲ್ಲದಿದ್ದರೆ ಜನ ಚಿತ್ರವನ್ನೇ ನೋಡುತ್ತಾರೆ. ಪ್ರಾಡೋದಲ್ಲಿ ದಿನದ ಕೊನೆಯ ಎರಡು ಗಂಟೆ ಟಿಕೆಟ್ ಇಲ್ಲ, ಆದರೆ ಮೊದಲ ಸಲ ಹೋಗುವವರಿಗೆ ಆ ಹೊತ್ತು ಏನೇನೂ ಸಾಲದು.

ಮೂರನೇ ದಿನ ಸಂಜೆ ಆ ಉಚಿತ ಹೊತ್ತಿನಲ್ಲೇ ಪ್ರಾಡೋಗೆ ಮತ್ತೆ ಹೋದೆ, ಒಂದೇ ಚಿತ್ರಕ್ಕಾಗಿ. ಯೇಸುವನ್ನು ಶಿಲುಬೆಯಿಂದ ಇಳಿಸುವ ದೃಶ್ಯ, ವಾನ್ ಡರ್ ವೇಡನ್‌ನದು. ಮೊದಲ ದಿನ ಸುಮ್ನೆ ದಾಟಿ ಹೋಗಿದ್ದೆ. ವಾನ್ ಐಕ್ ನೋಡಿ ಬಂದ ಕಣ್ಣಿಗೆ ಈಗ ಬೇರೆಯೇ ಕಂಡಿತು. ಇಲ್ಲೂ ಜನ ಬಂಗಾರದ ಬಣ್ಣದ ಇಕ್ಕಟ್ಟು ಗೂಡಿನೊಳಗೆ ವಿಗ್ರಹಗಳಂತೆ ನಿಂತಿದ್ದಾರೆ. ಆದರೆ ಇವರು ಕಲ್ಲಲ್ಲ, ಅಳುತ್ತಿದ್ದಾರೆ. ಕುಸಿದ ತಾಯಿಯ ಮೈ ಮಗನ ಮೈ ಬಾಗಿದ ಹಾಗೆಯೇ ಬಾಗಿದೆ. ಕೆನ್ನೆಯ ಮೇಲೆ ಒಂದೊಂದೇ ಹನಿ, ಹನಿಯೊಳಗೆ ಬೆಳಕು. ಮೇಲಿನ ಮೂಲೆಗಳಲ್ಲಿ ಪುಟ್ಟ ಪುಟ್ಟ ಅಡ್ಡಬಿಲ್ಲುಗಳೂ (ಕ್ರಾಸ್‌ಬೋ) ಕಂಡವು. ಯಾಕೆಂದರೆ ಚಿತ್ರ ಬರೆಸಿದ್ದು ಈಗಿನ ಬೆಲ್ಜಿಯಂನ ಲೂವೆನ್ ಊರಿನ ಅಡ್ಡಬಿಲ್ಲುಗಾರರ ಸಂಘ.